ಮೂರು ಕಲ್ಯಾಣ, ಒಬ್ಬ ಜಗದೇವ

ಗಿರೀಶ ಕಾರ್ನಾಡರ ‘ತಲೆದಂಡ’ ಶುರುವಾಗುವುದು ಒಂದು ಬ್ರಾಹ್ಮಣರ ಮನೆಯಲ್ಲಿ. ಸಾಂಬಶಿವ ಶಾಸ್ತ್ರಿಗಳು ಹಾಸಿಗೆ ಹಿಡಿದಿದ್ದಾರೆ, ಮಗನ ಹೆಸರು ಹಿಡಿದು ಒಂದೇ ಸಮನೆ ಕೂಗುತ್ತಿದ್ದಾರೆ. ಮಗ ಮನೆಯಲ್ಲಿಲ್ಲ. ತಾಯಿ ಅಂಬಾ ಇದ್ದಾಳೆ, ಸೊಸೆ ಸಾವಿತ್ರಿ ಇದ್ದಾಳೆ, ಇಬ್ಬರಿಗೂ ಮಗ ಎಲ್ಲಿದ್ದಾನೆ ಎಂದು ಹೇಳಲು ಬಾಯಿ ಬರುವುದಿಲ್ಲ. ಕಡೆಗೆ ಜಗದೇವ ಬರುತ್ತಾನೆ, ಜೊತೆಗೆ ಗೆಳೆಯ ಮಲ್ಲಿಬೊಮ್ಮ. ಅಗ್ರಹಾರದ ಹೊಸ್ತಿಲು ದಾಟಲು ಮಲ್ಲಿಬೊಮ್ಮನಿಗೆ ಅಳುಕು. ಜಗದೇವನಿಗೆ ಅವನನ್ನು ಒಳಗೆ ಕರೆದುಕೊಂಡು ಹೋಗಲೇಬೇಕೆಂಬ ಹಟ. ಒಳಗೆ ಸಾಯುತ್ತಿರುವ ಅಪ್ಪನಿಗಿಂತ ಹೊಸ್ತಿಲಿನ ಆ ಗೆಲುವು ಅವನಿಗೆ ದೊಡ್ಡದಾಗಿ ಕಾಣುತ್ತದೆ.

ಇದೇ ಜಗದೇವ ನಾಟಕದ ಕೊನೆಗೆ ಬಿಜ್ಜಳನನ್ನು ಕೊಲ್ಲುತ್ತಾನೆ.

ನಮ್ಮ ವಿಮರ್ಶೆ ‘ತಲೆದಂಡ’ವನ್ನು ಬಸವಣ್ಣನ ನಾಟಕವೆಂದೋ ಬಿಜ್ಜಳನ ನಾಟಕವೆಂದೋ ಓದುತ್ತ ಬಂದಿದೆ. 1990ರಲ್ಲಿ ಬಂದ ಕೃತಿ, 1994ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು, ಮಂದಿರ ಮತ್ತು ಮಂಡಲದ ಗದ್ದಲದ ನಡುವೆ ಬರೆದದ್ದು ಎಂಬುದೆಲ್ಲ ಎಲ್ಲರಿಗೂ ಗೊತ್ತು. ವರ್ಣಸಂಕರದ ಮದುವೆ, ಹರಳಯ್ಯ ಮಧುವರಸರಿಗೆ ಸಿಕ್ಕ ಶಿಕ್ಷೆ, ಸೋವಿದೇವನ ಹೊಂಚು ಇವುಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ಜಗದೇವನಿಗೆ ಸಿಕ್ಕಿರುವುದು ಬಹಳವೆಂದರೆ ಒಂದು ಪ್ಯಾರಾ. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ಕುಳಿತು ಓದುವವರಿಗೆ ಅಷ್ಟು ಸಾಲದು ಎಂಬುದು ನನ್ನ ವಾದ. ಇಲ್ಲಿ ಕುಳಿತು ಓದಿದರೆ ಇದು ಜಗದೇವನ ನಾಟಕ. (ಕಾರ್ನಾಡರು ಹುಟ್ಟಿದ್ದು ಮಾಥೇರಾನಿನಲ್ಲಿ, 1938ರಲ್ಲಿ. ಕರ್ಜತ್ ಲೋಕಲ್‌ನಲ್ಲಿ ಬದ್ಲಾಪುರ, ವಾಂಗಣಿ ದಾಟಿ ನೇರಳ್‌ನಲ್ಲಿ ಇಳಿದು ಬೆಟ್ಟ ಹತ್ತಿದರೆ ಅದೇ ಊರು. ಹಾಗಾಗಿ ನಾಟಕಕಾರರನ್ನು ಸೆಂಟ್ರಲ್ ಲೈನಿನವರೆಂದು ಕರೆದುಕೊಳ್ಳುವ ಸಣ್ಣ ಆಸೆಯೂ ಇದೆ.)

ಬಸವಣ್ಣನ ಕಲ್ಯಾಣ ಬೀದರ ಜಿಲ್ಲೆಯದು, ಈಗಿನ ಬಸವಕಲ್ಯಾಣ. ನಮ್ಮ ಕಲ್ಯಾಣ್ ಜಂಕ್ಷನ್ನಿನದು. ಹೆಸರೊಂದೇ ಎಂಬುದನ್ನು ಬಿಟ್ಟರೆ ಇವೆರಡಕ್ಕೂ ಸಂಬಂಧ ಹೇಳುವುದು ಮೊದಲಾಗಿದ್ದರೆ ಬರೀ ಶಬ್ದದ ಆಟವಾಗುತ್ತಿತ್ತು. 2014ರ ಮೇ ತಿಂಗಳಿನ ನಂತರ ಹಾಗೆ ಅನಿಸುವುದಿಲ್ಲ. ಆ ತಿಂಗಳು ನಮ್ಮ ಕಲ್ಯಾಣಿನ ನಾಲ್ವರು ಯುವಕರು ಯಾತ್ರಿಕರ ತಂಡದೊಂದಿಗೆ ಬಗ್ದಾದಿಗೆ ಹೋದರು, ಅಲ್ಲಿಂದ ತಂಡ ಬಿಟ್ಟು ಕಾಣೆಯಾದರು. ಐಸಿಸ್ ಸೇರಲು ಹೋದವರು ಎಂಬುದು ಆಮೇಲೆ ಗೊತ್ತಾಯಿತು. ಅವರಲ್ಲಿ ಅರೀಬ್ ಮಜೀದ್ ಎಂಬ ಯುವಕ ಆಗ 21ರವನು, ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದವನು. ಮನೆಯಲ್ಲಿ ಒಂದು ಪತ್ರ ಬಿಟ್ಟು ಹೋಗಿದ್ದ. ಆ ಪತ್ರದ ಸಾರವನ್ನು ಆಗ ಎಲ್ಲ ಪತ್ರಿಕೆಗಳೂ ಅಚ್ಚು ಹಾಕಿದವು. ಅದರಲ್ಲಿ ಖಲೀಫರ ರಾಜ್ಯ, ಯುದ್ಧಗಳ ಮಾತಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುವುದು ಮನೆಯವರ ಮೇಲಿನ ಮುನಿಸು. ಸಿಗರೇಟು ಸೇದುತ್ತೀರಿ, ಟಿವಿ ನೋಡುತ್ತೀರಿ, ಬಡ್ಡಿ ವ್ಯವಹಾರ ಮಾಡುತ್ತೀರಿ ಎಂಬಂಥ ದೂರುಗಳು. ಪತ್ರ ಬರೆದವನಿಗೆ ಅತ್ಯಂತ ಹತ್ತಿರದ ಶತ್ರು ಸಿಕ್ಕಿದ್ದು ತನ್ನ ಮನೆಯ ಹಾಲ್‌ನಲ್ಲೇ.

ಈ ಪತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ‘ತಲೆದಂಡ’ದ ಮೊದಲ ದೃಶ್ಯಕ್ಕೆ ಮರಳಿ ಹೋಗಿ. ಕಾರ್ನಾಡರು 24 ವರ್ಷ ಮೊದಲೇ ಹಿಡಿದಿದ್ದರು. ಜಗದೇವನ ಮೊದಲ ಕದನ ಅಪ್ಪನ ಹೊಸ್ತಿಲಿನ ಮೇಲೆ ನಡೆಯುತ್ತದೆ, ರಾಜನ ಸರದಿ ಬರುವುದು ಆಮೇಲೆ. ಅವನ ಸಿಟ್ಟು ನ್ಯಾಯದ ಸಿಟ್ಟೇ. ಮಲ್ಲಿಬೊಮ್ಮನನ್ನು ಹೊರಗಿಡುವ ಅಗ್ರಹಾರದ ಬಗ್ಗೆ ಸಿಟ್ಟು ಬರದಿದ್ದರೆ ಅವನು ಮನುಷ್ಯನೇ ಅಲ್ಲ. ಆದರೆ ಆ ಸಿಟ್ಟಿನೊಳಗೆ ತಾನು ಎಲ್ಲರಿಗಿಂತ ಶುದ್ಧ ಎಂಬ ರುಚಿ ಯಾವ ಗಳಿಗೆಯಲ್ಲಿ ಸೇರಿಕೊಂಡಿತು ಎಂಬುದನ್ನು ನಾಟಕಕಾರರು ತೋರಿಸುತ್ತಾರೆ. ಮುಂದೆ ಶರಣರ ಹುಡುಗರು ಜೈನರ ಬಸದಿಯೊಂದನ್ನು ವಶಪಡಿಸಿಕೊಳ್ಳುವ ಪ್ರಸಂಗ ಬರುತ್ತದೆ. ಅವರು ಮೊದಲು ಮಾಡಿದ್ದರು, ನಾವು ಈಗ ಮಾಡುತ್ತಿದ್ದೇವೆ ಎಂಬುದು ಹುಡುಗರ ವಾದ. ಇಟ್ಟಿಗೆ ಗಾರೆಗಾಗಿ ಹಿಂಸೆಗೆ ಇಳಿಯುವುದನ್ನು ಬಸವಣ್ಣ ಸಹಿಸುವುದಿಲ್ಲ. ತಮ್ಮ ಗುರುವೇ ತಮ್ಮಷ್ಟು ಗಟ್ಟಿಯಲ್ಲ ಎಂದು ಹುಡುಗರಿಗೆ ಅನಿಸುವ ಹೊತ್ತು ಅದು. ಮತಾಂಧತೆಯ ದಾರಿಯಲ್ಲಿ ಇದಕ್ಕಿಂತ ಅಪಾಯದ ತಿರುವಿಲ್ಲ. ಗುರು ಮೆತ್ತಗೆ ಕಂಡ ಮೇಲೆ ಹುಡುಗನನ್ನು ತಡೆಯುವವರು ಯಾರೂ ಉಳಿಯುವುದಿಲ್ಲ.

ನಾಟಕದಲ್ಲಿ ನನಗೆ ಕೊರತೆ ಕಾಣುವುದೂ ಇಲ್ಲಿಯೇ. ಜಗದೇವನಿಗೆ ವಾದದ ದೃಶ್ಯಗಳಿವೆ, ಖಾಲಿ ಹೊತ್ತಿನ ದೃಶ್ಯಗಳಿಲ್ಲ. ಅವನು ಸಂಜೆ ಯಾರ ಜೊತೆ ಕೂರುತ್ತಿದ್ದ, ಯಾರು ಅವನನ್ನು ಹೊಗಳುತ್ತಿದ್ದರು, ಹೊಗಳಿಕೆ ನಿಂತ ದಿನ ಏನು ಮಾಡಿದ? ಕಾರ್ನಾಡರ ನಾಟಕಗಳಲ್ಲಿ ಪಾತ್ರಗಳು ಮಾತಾಡಿ ಬದಲಾಗುತ್ತವೆ. ಹುಡುಗರು ಹಾಗೆ ಬದಲಾಗುವುದು ಕಡಿಮೆ, ಜೊತೆಗೆ ಕೂತು ಬದಲಾಗುತ್ತಾರೆ. ಈಗಂತೂ ಆ ಕೂರುವಿಕೆ ಮಲಗುವ ಕೋಣೆಯ ಮೊಬೈಲಿನೊಳಗೆ ನಡೆಯುತ್ತದೆ, ಪಕ್ಕದ ಹಾಸಿಗೆಯಲ್ಲಿರುವ ತಮ್ಮನಿಗೂ ಗೊತ್ತಾಗುವುದಿಲ್ಲ. ಒಂದೂಮುಕ್ಕಾಲು ಗಂಟೆ ಲೋಕಲ್‌ನಲ್ಲಿ ನಿಂತು ಹೋಗಿ ನಿಂತು ಬರುವ ಅಪ್ಪಂದಿರಿಗೆ ಅದು ಕಾಣುವ ಮಾತು ದೂರವೇ ಉಳಿಯಿತು.

ಮೂರನೆಯ ಕಲ್ಯಾಣ ಧಾರವಾಡದ್ದು. ಕಲ್ಯಾಣ ನಗರ. 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದ ಬಡಾವಣೆ. ಬದುಕಿಡೀ ವಚನಗಳ ಪಾಠ ತಿದ್ದಿದ ವಿದ್ವಾಂಸರು ಅವರು. ‘ಕೆಟ್ಟಿತ್ತು ಕಲ್ಯಾಣ’ ಎಂಬ ನಾಟಕವನ್ನೂ ಬರೆದಿದ್ದರು. ಎರಡು ವರ್ಷಗಳ ನಂತರ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಅವರ ತಂದೆ ಪಿ. ಲಂಕೇಶರ ‘ಸಂಕ್ರಾಂತಿ’ಯೂ ಬಸವಣ್ಣ ಬಿಜ್ಜಳರ ಕಾಲದ ನಾಟಕವೇ. ಇಬ್ಬರನ್ನೂ ಕೊಂದದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಗೌರಿ ಪ್ರಕರಣದಲ್ಲಿ ಗುಂಡು ಹಾರಿಸಿದ ಆರೋಪ ಹೊತ್ತು ಬಂಧಿತನಾದವನು ಸಿಂದಗಿಯ 26ರ ಹರೆಯದ ಯುವಕ. ವಿಚಾರಣೆ ಮುಗಿಯುವ ತನಕ ಅವನು ಆರೋಪಿ ಮಾತ್ರ. ತನಿಖೆಯಲ್ಲಿ ಸಿಕ್ಕ ಡೈರಿಯೊಂದರಲ್ಲಿ ಕಾರ್ನಾಡರ ಹೆಸರೂ ಇತ್ತು ಎಂದು ವರದಿಯಾಯಿತು. ಜಗದೇವನನ್ನು ಸೃಷ್ಟಿಸಿದವರ ಹೆಸರು ಯಾರೋ ಜಗದೇವರ ಪಟ್ಟಿಯಲ್ಲಿ! ಮರುವರ್ಷ, ಗೌರಿಯ ಮೊದಲ ಪುಣ್ಯತಿಥಿಯಂದು ಕಾರ್ನಾಡರು ‘ನಾನೂ ನಗರ ನಕ್ಸಲ’ ಎಂಬ ಫಲಕ ಕೊರಳಿಗೆ ಹಾಕಿಕೊಂಡು ಕೂತರು, ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. ಅದಕ್ಕೂ ಪೊಲೀಸರಿಗೆ ದೂರು ಹೋಯಿತು.

ಒಂದು ಧರ್ಮದ ಹುಡುಗರ ಬಗ್ಗೆ ಮಾತ್ರ ಬರೆದರೆ ಓದುಗರಿಗೆ ಹಿತವಾಗಿರುತ್ತದೆ ಎಂಬುದು ಗೊತ್ತು. ಯಾವ ಧರ್ಮ ಎಂಬುದು ಓದುಗರನ್ನು ಅವಲಂಬಿಸಿದೆ. ಹಾಗಾಗಿ ಕಲ್ಯಾಣ್ ಬಿಟ್ಟು ಠಾಣೆಗೆ ಬರೋಣ. ತಲಾವ್ ಪಾಳಿಯ ದಂಡೆಯ ಮೇಲಿರುವ ಗಡ್ಕರಿ ರಂಗಾಯತನ ನಮ್ಮಲ್ಲಿ ಹಲವರಿಗೆ ಗೊತ್ತಿರುವ ರಂಗಮಂದಿರ. 2008ರ ಜೂನ್ 4ರಂದು ಅಲ್ಲಿ ‘ಆಮ್ಹೀ ಪಾಚಪುತೆ’ ಎಂಬ ಮರಾಠಿ ಹಾಸ್ಯ ನಾಟಕವಿತ್ತು. ವಾಹನ ನಿಲ್ಲಿಸುವ ಜಾಗದಲ್ಲಿ ಬಾಂಬ್ ಸಿಡಿದು ಏಳು ಮಂದಿ ಗಾಯಗೊಂಡರು. ಅದಕ್ಕೆ ನಾಲ್ಕು ದಿನ ಮೊದಲು ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹದಲ್ಲೂ ಬಾಂಬ್ ಸಿಕ್ಕಿತ್ತು. ಫೆಬ್ರವರಿಯಲ್ಲಿ ಪನ್ವೇಲಿನ ಚಿತ್ರಮಂದಿರವೊಂದರಲ್ಲಿ ‘ಜೋಧಾ ಅಕ್ಬರ್’ ನಡೆಯುವಾಗ ಸ್ಫೋಟವಾಗಿತ್ತು. ನಾಟಕ ಪುರಾಣದ ಪಾತ್ರಗಳನ್ನು ಗೇಲಿ ಮಾಡುತ್ತದೆ ಎಂಬುದು ಸಿಟ್ಟಿನ ಮೂಲ. ಹಿಂದೂ ಸಂಘಟನೆಗಳ ಜೊತೆ ಗುರುತಿಸಿಕೊಂಡಿದ್ದ ಆರು ಮಂದಿಯ ವಿಚಾರಣೆ ನಡೆದು, 2011ರ ಆಗಸ್ಟ್‌ನಲ್ಲಿ ನ್ಯಾಯಾಲಯ ಇಬ್ಬರಿಗೆ 10 ವರ್ಷಗಳ ಶಿಕ್ಷೆ ಕೊಟ್ಟಿತು, ನಾಲ್ವರನ್ನು ಬಿಡುಗಡೆ ಮಾಡಿತು.

ಯಕ್ಷಗಾನ ನೋಡಿ ಬೆಳೆದವರಿಗೆ ಈ ಘಟನೆಯ ವಿಚಿತ್ರ ಬೇಗ ತಿಳಿಯಬೇಕು. ನಮ್ಮ ಹಾಸ್ಯಗಾರ ದೇವೇಂದ್ರನ ಎದುರಿಗೇ ನಿಂತು ಸ್ವರ್ಗದ ಸಂಬಳ ಸಾಲದೆಂದು ತಕರಾರು ತೆಗೆಯುತ್ತಾನೆ, ನಾರದನ ತಂಬೂರಿಗೆ ಕೈ ಹಾಕುತ್ತಾನೆ. ಹರಕೆ ಬಯಲಾಟದಲ್ಲೇ, ಚೌಕಿಯಲ್ಲಿ ದೇವರ ಪೂಜೆ ಮುಗಿಸಿ ಬಂದೇ ಇದನ್ನು ಮಾಡುತ್ತಾನೆ. ಊರಿನ ಮೇಳಗಳು ಮಳೆಗಾಲದಲ್ಲಿ ಇತ್ತ ಬಂದಾಗ ನಾವು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಗುತ್ತೇವೆ. ದೇವರನ್ನು ನಕ್ಕು ನಂಬುವ ಸಂಪ್ರದಾಯದಿಂದ ಬಂದವರಿಗೆ ‘ಪಾಚಪುತೆ’ಯ ಬಾಂಬು ಬೇರೆಯವರ ಸಮಸ್ಯೆ ಅನಿಸಬಾರದು. ಆ ರಂಗಮಂದಿರಕ್ಕೆ ಹೆಸರು ಕೊಟ್ಟ ರಾಮ ಗಣೇಶ ಗಡ್ಕರಿಯವರ ಪ್ರತಿಮೆಯನ್ನೂ 2017ರ ಜನವರಿಯಲ್ಲಿ ಪುಣೆಯ ಸಂಭಾಜಿ ಉದ್ಯಾನದಿಂದ ಕಿತ್ತು ಮುಠಾ ನದಿಗೆ ಎಸೆದರು. ಅದು ಬೇರೆ ಗುಂಪು, ಬೇರೆ ಸಿಟ್ಟು. ಹಳೆಯ ನಾಟಕವೊಂದರಲ್ಲಿ ಸಂಭಾಜಿಯ ಚಿತ್ರಣ ಅವರಿಗೆ ಹಿಡಿಸಿರಲಿಲ್ಲ. ನಾಟಕಕಾರರು ತೀರಿಕೊಂಡು ಆಗಲೇ ಸುಮಾರು ನೂರು ವರ್ಷವಾಗಿತ್ತು.

ಕಾನೂನಿನ ಪುಸ್ತಕವನ್ನೂ ಸ್ವಲ್ಪ ಸಾಹಿತ್ಯದಂತೆ ಓದಬೇಕೆನಿಸುತ್ತದೆ. ಯುಎಪಿಎ ಎಂದು ಎಲ್ಲರ ಬಾಯಲ್ಲಿರುವ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ 1967ರದು. 2004, 2008, 2012, 2019ರ ತಿದ್ದುಪಡಿಗಳಲ್ಲಿ ಅದು ಬೆಳೆಯುತ್ತ ಹೋಯಿತು. ಭಯೋತ್ಪಾದಕ ಕೃತ್ಯದಿಂದ ಸಾವಾದರೆ ಮರಣದಂಡನೆ ಅಥವಾ ಜೀವಾವಧಿ, ಸಾವಾಗದಿದ್ದರೂ 5 ವರ್ಷಕ್ಕೆ ಕಡಿಮೆಯಿಲ್ಲ. ಸಂಚು, ನೇಮಕಾತಿ ಎರಡಕ್ಕೂ 5 ವರ್ಷದಿಂದ ಜೀವಾವಧಿ. ಭಯೋತ್ಪಾದಕ ಸಂಘಟನೆಯ ಕೆಲಸ ಮುಂದುವರಿಸುವ ಉದ್ದೇಶದಿಂದ ಅದರೊಂದಿಗೆ ಗುರುತಿಸಿಕೊಂಡರೆ, ಬೆಂಬಲ ಕೂಡಿಸಿದರೆ 10 ವರ್ಷದವರೆಗೆ. ಹಣ ಎತ್ತಿದರೆ 14 ವರ್ಷದವರೆಗೆ. ನಿಷೇಧಿತ ಸಂಘಟನೆಯ ಬರೀ ಸದಸ್ಯತ್ವ ಅಪರಾಧವಾಗದು ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಸದಸ್ಯನಾಗಿ ಮುಂದುವರಿಯುವುದೇ ಅಪರಾಧ ಎಂದಿತು. ಹುಡುಗರಿಗೆ ಹೇಳಬೇಕಾದ ಮಾತು ಇದು. ಏನೂ ಮಾಡಲಿಲ್ಲ, ಹೆಸರಿಗಷ್ಟೇ ಇದ್ದೆ ಎಂಬ ಸಮಜಾಯಿಷಿಗೆ ಈಗ ಮೊದಲಿನ ಬಲವಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸೆಕ್ಷನ್ 19. ಭಯೋತ್ಪಾದಕನೆಂದು ಗೊತ್ತಿದ್ದೂ ಆಸರೆ ಕೊಟ್ಟರೆ, ಬಚ್ಚಿಟ್ಟರೆ 3 ವರ್ಷಕ್ಕೆ ಕಡಿಮೆಯಿಲ್ಲದಂತೆ ಜೀವಾವಧಿಯವರೆಗೆ ಶಿಕ್ಷೆ. ಅದಕ್ಕೊಂದು ವಿನಾಯಿತಿ ಇದೆ: ಬಚ್ಚಿಟ್ಟವರು ಗಂಡ ಅಥವಾ ಹೆಂಡತಿಯಾಗಿದ್ದರೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಗಂಡ ಹೆಂಡತಿ ಅಷ್ಟೇ. ತಾಯಿಗೆ ವಿನಾಯಿತಿ ಇಲ್ಲ, ತಂದೆಗೂ ಇಲ್ಲ. ‘ತಲೆದಂಡ’ವನ್ನು ಈ ಸೆಕ್ಷನ್ನಿನ ಬೆಳಕಿನಲ್ಲಿ ಓದಿ ನೋಡಿ. ಬಿಜ್ಜಳನನ್ನು ಕೊಂದ ಜಗದೇವ ಆ ರಾತ್ರಿ ಮನೆಗೆ ಬಂದಿದ್ದರೆ? ಕದ ತೆರೆದ ಸಾವಿತ್ರಿಯನ್ನು ಕಾನೂನು ಬಿಟ್ಟುಬಿಡುತ್ತಿತ್ತು. ಅವನಿಗೆ ಎರಡು ತುತ್ತು ಉಣ್ಣಿಸಿ ಅಟ್ಟಕ್ಕೆ ಹತ್ತಿಸಿದ ಅಂಬಾಳನ್ನು ಹಿಡಿಯುತ್ತಿತ್ತು. ಶಾಸನ ಬರೆದವರಿಗೆ ದಾಂಪತ್ಯ ಅರ್ಥವಾಗಿದೆ, ತಾಯ್ತನ ಅರ್ಥವಾಗಿಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ತಾಯಿಗೂ ವಿನಾಯಿತಿ ಕೊಟ್ಟರೆ ನಮ್ಮಂಥ ಸಮಾಜದಲ್ಲಿ ಯಾವ ಹುಡುಗನೂ ಸಿಕ್ಕುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಕ್ರೌರ್ಯದಲ್ಲಿ ಒಂದು ಲೋಕಜ್ಞಾನವಿದೆ.

ಕಲ್ಯಾಣಿನ ಪ್ರಕರಣದಲ್ಲಿ ಮನೆಯವರು ಬಚ್ಚಿಡಲಿಲ್ಲ. ಮಗ ಕಾಣೆಯಾದಾಗ ಪೊಲೀಸರಲ್ಲಿಗೆ ಹೋದರು. ಆರು ತಿಂಗಳ ಮೇಲೆ ಅವನು ಟರ್ಕಿಯಿಂದ ಫೋನು ಮಾಡಿದಾಗ ತನಿಖಾ ಸಂಸ್ಥೆಗೆ ತಿಳಿಸಿ ಕರೆಸಿಕೊಂಡರು. 2014ರ ನವೆಂಬರ್ 28ರಂದು ಅವನು ಮುಂಬಯಿಯಲ್ಲಿ ಇಳಿದ, ಎನ್‌ಐಎ ಬಂಧಿಸಿತು. ಮಗನನ್ನು ಉಳಿಸಿಕೊಳ್ಳುವ ದಾರಿ ಮಗನನ್ನು ಒಪ್ಪಿಸುವುದೇ ಎಂದು ಒಂದು ಮನೆ ತೀರ್ಮಾನಿಸಬೇಕಾಗಿ ಬಂದ ಆ ದಿನಗಳ ಮೇಲೆ ನಮ್ಮ ಯಾವ ಕತೆಗಾರರೂ ಕೈ ಇಟ್ಟಿಲ್ಲ.

ಮುಂದಿನದು ಕಾಯುವ ಕತೆ. ಈ ಕಾಯ್ದೆಯಡಿ ಆರೋಪಪಟ್ಟಿ ಇಲ್ಲದೆಯೇ 180 ದಿನ ಬಂಧನದಲ್ಲಿಡಬಹುದು. ನಿರೀಕ್ಷಣಾ ಜಾಮೀನಿಲ್ಲ. ಆರೋಪ ಮೇಲ್ನೋಟಕ್ಕೆ ನಿಜವೆಂದು ನ್ಯಾಯಾಧೀಶರಿಗೆ ಕಂಡರೆ ಸಾಮಾನ್ಯ ಜಾಮೀನೂ ಇಲ್ಲ. ಮಜೀದ್‌ಗೆ ವಿಶೇಷ ನ್ಯಾಯಾಲಯ ಜಾಮೀನು ಕೊಟ್ಟದ್ದು 2020ರ ಮಾರ್ಚ್‌ನಲ್ಲಿ. ಎನ್‌ಐಎ ಮೇಲ್ಮನವಿ ಹಾಕಿತು. ಬಾಂಬೆ ಹೈಕೋರ್ಟಿನಲ್ಲಿ ಅವನು ತಾನೇ ನಿಂತು ವಾದಿಸಿದ. 2021ರ ಫೆಬ್ರವರಿ 23ರ ತೀರ್ಪು ಓದಲು ಯೋಗ್ಯವಾದದ್ದು. ಸಾಕ್ಷ್ಯದ ಬಲಾಬಲದ ಬಗ್ಗೆ ಕೆಳಗಿನ ನ್ಯಾಯಾಲಯ ಹೇಳಿದ್ದನ್ನು ಹೈಕೋರ್ಟು ಒಪ್ಪಲಿಲ್ಲ. ಆದರೆ ಆರು ವರ್ಷ ದಾಟಿದರೂ ವಿಚಾರಣೆ ಮುಗಿದಿಲ್ಲ, ಬೇಗ ಮುಗಿಯುವ ಸೂಚನೆಯೂ ಇಲ್ಲ ಎಂಬ ಒಂದೇ ಕಾರಣಕ್ಕೆ, ಅದೇ ತಿಂಗಳು ಸುಪ್ರೀಂ ಕೋರ್ಟು ಕೊಟ್ಟಿದ್ದ ನಜೀಬ್ ತೀರ್ಪನ್ನು ಆಧರಿಸಿ, ಠಾಣೆಯಲ್ಲಿ ಹಾಜರಿ ಹಾಕುವಂಥ ಷರತ್ತುಗಳ ಮೇಲೆ ಜಾಮೀನನ್ನು ಎತ್ತಿಹಿಡಿಯಿತು. ಅಂದರೆ 21ಕ್ಕೆ ಮನೆ ಬಿಟ್ಟವನು, ಅಪರಾಧಿಯೆಂದೂ ನಿರಪರಾಧಿಯೆಂದೂ ತೀರ್ಮಾನವಾಗದೆ, ಹರೆಯದ ಬಹುಭಾಗವನ್ನು ಒಳಗೆ ಕಳೆದ. ಶಿಕ್ಷೆ ಎಷ್ಟು ವರ್ಷ ಎಂದು ಲೆಕ್ಕ ಹಾಕುವವರು ಈ ಲೆಕ್ಕವನ್ನು ಬಿಡುತ್ತಾರೆ.

ಆರೋಪದ ಈ ನಡುಗಾಲವನ್ನು ಕನ್ನಡದಲ್ಲಿ ಅತ್ಯಂತ ಚೆನ್ನಾಗಿ ಬರೆದವರು ನಮ್ಮ ಊರಿನವರೇ ಆಗಿದ್ದ ಯಶವಂತ ಚಿತ್ತಾಲರು. 1979ರ ‘ಶಿಕಾರಿ’ಯ ನಾಗಪ್ಪನಿಗೆ ತನ್ನ ಮೇಲಿರುವ ಆರೋಪ ಏನೆಂದೇ ಸರಿಯಾಗಿ ಗೊತ್ತಿಲ್ಲ, ಕೆಲಸದಿಂದ ಅಮಾನತಾಗಿದೆ, ಹಳೆಯ ಪರಿಚಯದ ಮುಖಗಳೆಲ್ಲ ಬೇಟೆಗಾರರ ಮುಖಗಳಾಗುತ್ತಿವೆ. ಅದು ಕಂಪನಿಯೊಳಗಿನ ಕತೆ ನಿಜ. ಆದರೆ 2006ರ ಜುಲೈ 11ರ ರೈಲು ಸ್ಫೋಟಗಳ ಪ್ರಕರಣದ ನಂತರ ‘ಶಿಕಾರಿ’ ಮತ್ತೆ ಓದಿದರೆ ಬೆನ್ನು ತಣ್ಣಗಾಗುತ್ತದೆ. ಆ ಸಂಜೆ ಪಶ್ಚಿಮ ಮಾರ್ಗದಲ್ಲಿ 180ಕ್ಕೂ ಹೆಚ್ಚು ಮಂದಿ ಸತ್ತರು, ಎಲ್ಲರೂ ಕೆಲಸ ಮುಗಿಸಿ ಮನೆಗೆ ಹೊರಟವರು. 2015ರಲ್ಲಿ ವಿಶೇಷ ನ್ಯಾಯಾಲಯ ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ವಿಧಿಸಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು ಹನ್ನೆರಡೂ ಮಂದಿಯನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಒಬ್ಬರು ಜೈಲಿನಲ್ಲಿದ್ದಾಗಲೇ ತೀರಿಹೋಗಿದ್ದರು. ಮೂರು ದಿನ ಕಳೆದು ಸುಪ್ರೀಂ ಕೋರ್ಟು ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಮೇಲ್ಪಂಕ್ತಿಯಾಗಿ ಬಳಸದಂತೆ ತಡೆಹಿಡಿಯಿತು. ಸತ್ತವರ ಮನೆಗಳಿಗೆ 19 ವರ್ಷದ ನಂತರವೂ ಕೊಂದವರು ಯಾರೆಂಬ ಉತ್ತರ ಸಿಕ್ಕಿಲ್ಲ. ನನಗೆ ಹೆಚ್ಚು ಸಂಕಟವಾಗುವುದು ಇದರಿಂದ.

‘ತಲೆದಂಡ’ ಇದನ್ನೂ ಕಂಡಿತ್ತು. ಜಗದೇವನ ಕತ್ತಿಯಿಂದ ಶರಣರಿಗೆ ಸಿಕ್ಕಿದ್ದು ಏನು? ಬಿಜ್ಜಳ ಎಷ್ಟೇ ಒರಟನಾದರೂ ಬಸವಣ್ಣನ ಬೆನ್ನಿಗಿದ್ದವನು. ಅವನು ಸತ್ತ ಮೇಲೆ ಸಿಂಹಾಸನ ಸೋವಿದೇವನದು, ನಾಟಕ ಮುಗಿಯುವುದು ಅವನ ಆಜ್ಞೆಗಳ ನಡುವೆ, ಶರಣರ ಬೇಟೆಯ ನಡುವೆ. ಒಬ್ಬ ಹುಡುಗನ ಕೃತ್ಯ ಅವನು ಯಾರಿಗಾಗಿ ಮಾಡಿದೆನೆಂದುಕೊಂಡನೋ ಅವರೆಲ್ಲರ ಮನೆಬಾಗಿಲಿಗೆ ಸೈನಿಕರನ್ನು ತಂದಿತು. ಸೋವಿದೇವನಿಗೆ ಬೇಕಾಗಿದ್ದ ನೆಪವನ್ನು ಜಗದೇವ ಒದಗಿಸಿದ. ಕಠಿಣ ಕಾನೂನನ್ನು ವಿರೋಧಿಸುವ ಗೆಳೆಯರು ಈ ಅಂಕವನ್ನು ಬಿಟ್ಟು ಮಾತಾಡುತ್ತಾರೆ, ಕಠಿಣ ಕಾನೂನೇ ಮದ್ದು ಎನ್ನುವ ಗೆಳೆಯರು ಮೊದಲ ದೃಶ್ಯವನ್ನು ಬಿಟ್ಟು ಮಾತಾಡುತ್ತಾರೆ. ಕಾರ್ನಾಡರು ಎರಡನ್ನೂ ಒಂದೇ ನಾಟಕದಲ್ಲಿ ಇಟ್ಟರು. ಜಗದೇವನನ್ನು ರಾಕ್ಷಸನನ್ನಾಗಿಸಲಿಲ್ಲ, ಹುತಾತ್ಮನನ್ನಾಗಿಯೂ ಮಾಡಲಿಲ್ಲ.

ನಮ್ಮ ಮುಂಬಯಿ ಕನ್ನಡ ಕತೆಗೆ ಈ ಧೈರ್ಯ ಇನ್ನೂ ಬಂದಿಲ್ಲ ಎಂದು ಹೇಳಲೇಬೇಕು. ವ್ಯಾಸರಾಯ ಬಲ್ಲಾಳರು ‘ಬಂಡಾಯ’ದಲ್ಲಿ ಕಾರ್ಮಿಕರ ಸಿಟ್ಟನ್ನು ಬರೆದರು. ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಕೈಹಿಡಿದು ನಡೆಸುತ್ತಾರೆ, ಆ ಕತೆಗಳಿಂದಲೇ ನಾವು ಈ ನಗರವನ್ನು ಪ್ರೀತಿಸುವುದನ್ನು ಕಲಿತದ್ದು. ಆದರೆ ಕೈ ಬಿಡಿಸಿಕೊಂಡು ಹೋದ ಹುಡುಗ ಅಲ್ಲಿಲ್ಲ. ನಮ್ಮ ಹೊಸ ಕತೆಗಳಲ್ಲಿ ಸ್ಫೋಟ ಬರುತ್ತದೆ: ನಾಯಕ ಒಂದು ಲೋಕಲ್ ತಪ್ಪಿಸಿಕೊಂಡು ಬದುಕುತ್ತಾನೆ, ಅಥವಾ ತಪ್ಪಿಸಿಕೊಳ್ಳದೆ ಸಾಯುತ್ತಾನೆ. ಬಾಂಬು ಅಲ್ಲಿ ಭೂಕಂಪವಿದ್ದಂತೆ, ಎಲ್ಲಿಂದಲೋ ಬಂತು. ಇಟ್ಟವನೂ ಕಲ್ಯಾಣಿನಲ್ಲೋ ಪನ್ವೇಲಿನಲ್ಲೋ ಟ್ಯೂಷನ್ನಿಗೆ ಹೋಗಿ ಬರುತ್ತಿದ್ದ ಹುಡುಗ ಇರಬಹುದು, ಅವನ ಹಣೆಗೆ ಯಾವ ಗುರುತೂ ಇರಲಿಲ್ಲ, ಮನೆಯವರಿಗೂ ತಿಳಿದಿರಲಿಲ್ಲ ಎಂಬಲ್ಲಿಗೆ ಲೇಖನಿ ಹೋಗುವುದಿಲ್ಲ. ವಲಸೆ ಬಂದವರಿಗೆ ಅಕ್ಕಪಕ್ಕದವರ ಬಗ್ಗೆ ಬರೆಯಲು ಸಂಕೋಚವಿರುತ್ತದೆ, ನಮ್ಮವರ ಬಗ್ಗೆ ಬರೆಯಲು ಭಯವಿರುತ್ತದೆ. ಎರಡೂ ಅರ್ಥವಾಗುವಂಥವೇ. ಅರ್ಥವಾದ ಮಾತ್ರಕ್ಕೆ ಕತೆ ಒಳ್ಳೆಯದಾಗುವುದಿಲ್ಲ.

ಇನ್ನೊಂದು ಮಾತು, ಸ್ವಲ್ಪ ವ್ಯಾವಹಾರಿಕ. ಈ ನಾಟಕವನ್ನು ಓದಬೇಕಾದ ವಯಸ್ಸಿನ ನಮ್ಮ ಮಕ್ಕಳಲ್ಲಿ ಕನ್ನಡ ಓದಲು ಬಾರದವರೇ ಹೆಚ್ಚು. ಕಾರ್ನಾಡರು ತಾವೇ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಹಿಂದಿಯಲ್ಲಿ ರಾಮಗೋಪಾಲ ಬಜಾಜರ ಅನುವಾದವಿದೆ, ಇಬ್ರಾಹಿಂ ಅಲ್ಕಾಜಿ ಅದನ್ನು ರಂಗಕ್ಕೆ ತಂದಿದ್ದರು. ಹಿಂದಿಯಲ್ಲಿ ಅದರ ಹೆಸರು ‘ರಕ್ತ ಕಲ್ಯಾಣ’. ಮನೆಯಲ್ಲಿ ಓದಿಸುವುದಾದರೆ ಪೂರ್ತಿ ಬೇಡ, ಮೊದಲ ದೃಶ್ಯ ಸಾಕು. ಜಗದೇವನ ಪಾತ್ರವನ್ನು ಹುಡುಗರಿಗೆ ಕೊಡಿ, ಅಂಬಾಳ ಮಾತುಗಳನ್ನು ಅಜ್ಜಿ ಕನ್ನಡದಲ್ಲೇ ಓದಲಿ.